ಫೈನ್‌ಮನ್, ರೆಸ್ನಿಕ್–ಹ್ಯಾಲಿಡೇ, ವರ್ಮಾ: ಭೌತಶಾಸ್ತ್ರವನ್ನು ಮೊದಲಿನಿಂದ ಕಲಿಯಲು ಹೊರಟಾಗ

ಮೊದಲೇ ಹೇಳಿಬಿಡುತ್ತೇನೆ: ಈ ಮೂರು ಪುಸ್ತಕಗಳಲ್ಲಿ ನನ್ನ ಮೆಚ್ಚಿನದು ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ಉಪನ್ಯಾಸಗಳ ಮೊದಲ ಸಂಪುಟ. ಆದರೆ ಮೂರೂ ಸಂಪುಟಗಳ ಸೆಟ್ಟನ್ನು ಒಟ್ಟಿಗೆ ಕೊಂಡದ್ದು ತಪ್ಪಾಯಿತು. ಅದೊಂದನ್ನೇ ನಂಬಿ ಐದು ತಿಂಗಳು ಕಳೆದದ್ದು ಇನ್ನೂ ದೊಡ್ಡ ತಪ್ಪಾಯಿತು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಓದಿದ್ದು ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಭೌತಶಾಸ್ತ್ರವನ್ನು ಪಿಯುಸಿಯ ಕೊನೆಯ ಪರೀಕ್ಷೆಯ ದಿನವೇ ಬಿಟ್ಟಿದ್ದೆ. ಭೌತಶಾಸ್ತ್ರ, ಗಣಿತ ಹೇಳುವ ಪಿಸಿಎಂ ಶಿಕ್ಷಕರಿಗೆ ವರ್ಗವಾಗಿ ಆ ಹುದ್ದೆ ಖಾಲಿ ಉಳಿದಾಗ ಎಂಟರಿಂದ ಹತ್ತನೆಯ ತರಗತಿಯ ಭೌತಶಾಸ್ತ್ರವೂ ನನ್ನ ಪಾಲಿಗೆ ಬಂತು. ಪಠ್ಯಪುಸ್ತಕದಲ್ಲಿ ಇರುವುದನ್ನು ಹೇಳಿ ಮುಗಿಸಬಹುದಿತ್ತು. ಆದರೆ ಮಕ್ಕಳು ಎದ್ದು ನಿಂತು 'ಯಾಕೆ ಟೀಚರ್' ಎಂದು ಕೇಳಿದರೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಅದಕ್ಕಾಗಿ ಪುಸ್ತಕ ಹುಡುಕಿದೆ.

ಮೊದಲು ಸಿಕ್ಕಿದ್ದು ರೆಸ್ನಿಕ್ ಮತ್ತು ಹ್ಯಾಲಿಡೇ ಎಂಬಿಬ್ಬರು ಬರೆದ ಕಾಲೇಜು ಪಠ್ಯ. ಎಂಜಿನಿಯರಿಂಗ್ ಓದಿದ ಅಣ್ಣನ ಮಗ ತಂದುಕೊಟ್ಟ. 1960ರಲ್ಲಿ ಮೊದಲು ಬಂದ ಈ ಪುಸ್ತಕ ಎಷ್ಟೋ ಪರಿಷ್ಕರಣೆಗಳನ್ನು ಕಂಡು ಇಂದಿಗೂ ನಡೆಯುತ್ತಿದೆ ಎಂದರೆ ಅದರಲ್ಲಿ ಸತ್ವ ಇಲ್ಲದೆ ಅಲ್ಲ. ಎಲ್ಲವೂ ಇದೆ, ಎಲ್ಲವೂ ಸರಿಯಾಗಿದೆ. ಆದರೆ ದಿನವೆಲ್ಲ ಪಾಠ ಹೇಳಿ, ಅಡುಗೆ ಮುಗಿಸಿ, ರಾತ್ರಿ ಒಂಬತ್ತಕ್ಕೆ ಕುಳಿತವಳನ್ನು ಅದು ಹಿಡಿದಿಡಲಿಲ್ಲ. ಮೂರನೆಯ ಅಧ್ಯಾಯಕ್ಕೆ ನಿಂತೆ.

ಆಮೇಲೆ ಫೈನ್‌ಮನ್. ಮೊದಲ ಅಧ್ಯಾಯವನ್ನು ಓದಿದ್ದು ಜುಲೈ ತಿಂಗಳ ಒಂದು ರಾತ್ರಿ, ಕರೆಂಟ್ ಹೋಗಿ ಎರಡನೆಯ ದಿನ, ಚಾರ್ಜಿನ ದೀಪದ ಬೆಳಕಿನಲ್ಲಿ. ಅವರು ಒಂದು ಹನಿ ನೀರನ್ನು ತೆಗೆದುಕೊಂಡು ಎರಡು ಸಾವಿರ ಪಟ್ಟು ಹಿಗ್ಗಿಸುತ್ತಾರೆ, ಮತ್ತೆ ಎರಡು ಸಾವಿರ ಪಟ್ಟು, ಕೊನೆಗೆ ಅದರ ಮೇಲೆ ಇನ್ನೂ 250 ಪಟ್ಟು. ಆಗ ಒಂದಕ್ಕೊಂದು ಅಂಟಿಕೊಂಡೇ ಕುಣಿಯುವ ಅಣುಗಳು ಕಾಣುತ್ತವೆ. ಮುಚ್ಚಿದ ಪಾತ್ರೆಯ ನೀರಿನಲ್ಲಿ ಏನೂ ನಡೆಯುತ್ತಿಲ್ಲ ಎಂದು ನಮಗೆ ತೋರುತ್ತದೆ. ನಿಜದಲ್ಲಿ ಅಣುಗಳು ಹೊರಗೆ ಹಾರುತ್ತಲೇ ಇರುತ್ತವೆ, ಅಷ್ಟೇ ಅಣುಗಳು ಒಳಗೆ ಮರಳುತ್ತಲೂ ಇರುತ್ತವೆ. ತಲೆ ಎತ್ತಿ ನೋಡಿದೆ. ಒಳಗಿನ ಜಗುಲಿಯ ಗಳುವಿನ ಮೇಲೆ ನಾಲ್ಕು ದಿನದಿಂದ ಒಣಗದ ಮಗನ ಸಮವಸ್ತ್ರ ತೂಗುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ ಎಂದು ಹುಟ್ಟಿದಾಗಿನಿಂದ ಗೊತ್ತು. ನೀರು ಆ ಅಂಗಿಯನ್ನು ಬಿಟ್ಟು ಹೋಗುತ್ತಲೇ ಇದೆ, ಹೋದಷ್ಟೇ ತಿರುಗಿ ಬಂದು ಕೂರುತ್ತಿದೆ ಎಂಬುದು ಆ ಕ್ಷಣಕ್ಕೆ ಹೊಳೆಯಿತು. ಹಾಗಾದರೆ ಬಚ್ಚಲೊಲೆಯ ಮೇಲೆ ಕಟ್ಟಿದ ಬಟ್ಟೆ ಯಾಕೆ ಒಣಗುತ್ತದೆ? ಬಿಸಿಗೆ ಹೊರಡುವ ಅಣುಗಳು ಹೆಚ್ಚುತ್ತವೆ, ಮರಳುವ ಅಣುಗಳು ಅಷ್ಟು ಹೆಚ್ಚುವುದಿಲ್ಲ. ಮರುದಿನ ಒಂಬತ್ತನೆಯ ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ತಮ್ಮ ಒದ್ದೆ ತೋಳುಗಳನ್ನೇ ನೋಡಿಕೊಂಡರು.

ಈ ಪುಸ್ತಕಕ್ಕೆ ನಾನು ಸೋತದ್ದು ಹೀಗೆ. ಇವು ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಎಂಬ ವಿಶ್ವವಿದ್ಯಾಲಯದಲ್ಲಿ 1961ರಿಂದ 1963ರವರೆಗೆ ಮೊದಲ ಮತ್ತು ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಹೇಳಿದ ಪಾಠಗಳು. ಧ್ವನಿಮುದ್ರಿಸಿ, ಬರೆದು, ತಿದ್ದಿ ಪುಸ್ತಕ ಮಾಡಿದ್ದಾರೆ. ಆದ್ದರಿಂದ ಇಂಗ್ಲಿಷ್ ಮಾತಾಡಿದ ಹಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ರೆಸ್ನಿಕ್‌ಗಿಂತ ಇದೇ ಸುಲಭವಾಯಿತು. ಅಡಿ, ಅಂಗುಲ, ಮೈಲಿಗಳ ಲೆಕ್ಕ ಅಲ್ಲಲ್ಲಿ ಬರುತ್ತದೆ, ಸಹಿಸಿಕೊಳ್ಳಬೇಕು.

ಇನ್ನು ತೊಡಕಿನ ವಿಷಯ. ಪಕ್ಕದ ಮನೆಯಲ್ಲಿ ನಿವೃತ್ತ ಗಣಿತ ಮೇಷ್ಟ್ರು ಇದ್ದಾರೆ. ಡಿಸೆಂಬರ್‌ನಲ್ಲಿ ಅವರ ಅಂಗಳದಲ್ಲಿ ಅಡಿಕೆ ಮೂಟೆಗಳನ್ನು ಹಲಗೆಯ ಮೇಲೆ ಲಾರಿಗೆ ಏರಿಸುತ್ತಿದ್ದರು. ಮೇಷ್ಟ್ರು ನನ್ನನ್ನು ಕರೆದು, "ಏನಮ್ಮಾ, ಇಷ್ಟು ದಿನ ಓದಿದ್ದೀಯಲ್ಲ. ಮೂಟೆ 60 ಕಿಲೋ, ಹಲಗೆಯ ಓರೆ 30 ಡಿಗ್ರಿ, ಘರ್ಷಣೆಯ ಗುಣಾಂಕ 0.3 ಎಂದಿಟ್ಟುಕೋ. ಹಲಗೆಯ ಗುಂಟ ಎಷ್ಟು ಬಲ ಹಾಕಿದರೆ ಮೂಟೆ ಮೇಲೇರುತ್ತದೆ?" ಎಂದರು.

ಘರ್ಷಣೆಯ ಬಗ್ಗೆ ಫೈನ್‌ಮನ್ ಹನ್ನೆರಡನೆಯ ಅಧ್ಯಾಯದಲ್ಲಿ ಹೇಳಿದ್ದು ನನಗೆ ಬಾಯಿಪಾಠವಾಗಿತ್ತು. ತಾಮ್ರದ ಮೇಲೆ ತಾಮ್ರ ಜಾರುವ ಗುಣಾಂಕ ಎಂದು ಪಟ್ಟಿಗಳಲ್ಲಿ ಇರುವುದು ಶುದ್ಧ ತಾಮ್ರದ್ದಲ್ಲ, ಮೇಲಿನ ಕೊಳೆ ಮತ್ತು ಕಿಲುಬಿನದು. ನಿರ್ವಾತದಲ್ಲಿ ಪೂರಾ ಶುದ್ಧ ಮಾಡಿದರೆ ಎರಡು ತುಂಡುಗಳು ಅಂಟಿಕೊಂಡೇಬಿಡುತ್ತವೆ, ಏಕೆಂದರೆ ತಾವು ಬೇರೆ ಬೇರೆ ತುಂಡಿನವು ಎಂದು ತಿಳಿಯುವ ದಾರಿ ಪರಮಾಣುಗಳಿಗೆ ಇಲ್ಲ. ಇಷ್ಟೆಲ್ಲ ಗೊತ್ತಿದ್ದವಳು ಪೆನ್ನು ಹಿಡಿದು ಅರ್ಧ ಗಂಟೆ ಕುಳಿತೆ. ಕೊನೆಗೆ 470 ನ್ಯೂಟನ್ ಎಂದು ಬರೆದೆ. ಮೇಷ್ಟ್ರು ಒಂದೇ ಕಡೆ ಗೀಟು ಎಳೆದರು: ಘರ್ಷಣೆಗೆ ಮೂಟೆಯ ಪೂರ್ತಿ ಭಾರ, ಅಂದರೆ 588 ನ್ಯೂಟನ್, ಹಿಡಿದಿದ್ದೆ. ಹಲಗೆಯನ್ನು ಒತ್ತುವುದು ಭಾರದ ಒಂದು ಪಾಲು ಮಾತ್ರ, 509. ಅದನ್ನು ಗುಣಾಂಕ 0.3ರಿಂದ ಗುಣಿಸಿದರೆ ಘರ್ಷಣೆಯ ಬಲ 153. ಓರೆಯ ಗುಂಟ ಕೆಳಗೆ ಎಳೆಯುವ 294ಕ್ಕೆ ಅದನ್ನು ಕೂಡಿಸಿದರೆ ಉತ್ತರ ಸುಮಾರು 447.

ತಪ್ಪು ಸಣ್ಣದು. ಆದರೆ ಅದು ನನ್ನೊಳಗೆ ಐದು ತಿಂಗಳು ಯಾರಿಗೂ ಕಾಣದೆ ಕುಳಿತಿತ್ತು, ಏಕೆಂದರೆ ಪುಸ್ತಕ ನನ್ನನ್ನು ಒಮ್ಮೆಯೂ ಪ್ರಶ್ನೆ ಕೇಳಿರಲಿಲ್ಲ. ಮೊದಲ ಸಂಪುಟದ 52 ಅಧ್ಯಾಯಗಳಲ್ಲಿ ಒಂದರ ಕೊನೆಯಲ್ಲೂ ಲೆಕ್ಕಗಳಿಲ್ಲ. ಇದು ಅವರ ಮರೆವಲ್ಲ. ಆ ವಿದ್ಯಾರ್ಥಿಗಳಿಗೆ ಉಪನ್ಯಾಸದ ಜೊತೆಗೆ ಲೆಕ್ಕ ಬಿಡಿಸುವ ಬೇರೆ ತರಗತಿಗಳಿದ್ದವು, ಪ್ರಯೋಗಾಲಯವಿತ್ತು. ಲೆಕ್ಕ ಬಿಡಿಸುವ ಬಗೆ ಕುರಿತು ಮಾಡಿದ ಮೂರು ಉಪನ್ಯಾಸಗಳನ್ನು ಇಲ್ಲಿ ಸೇರಿಸಿಲ್ಲ ಎಂದು ಮುನ್ನುಡಿಯಲ್ಲೇ ಫೈನ್‌ಮನ್ ಹೇಳುತ್ತಾರೆ. ನಾನು ಮುನ್ನುಡಿಯನ್ನು ಓದಿದ್ದು ಮೇಷ್ಟ್ರು ಗೀಟು ಎಳೆದ ರಾತ್ರಿ. ಅಭ್ಯಾಸದ ಲೆಕ್ಕಗಳದೇ ಬೇರೆ ಪುಸ್ತಕ 2014ರಲ್ಲಿ ಬಂದಿದೆ. ಮತ್ತೆ ಅಷ್ಟು ಹಣ ಹಾಕುವ ಮನಸ್ಸಾಗಲಿಲ್ಲ.

ಆ ವಾರವೇ ಶಿವಮೊಗ್ಗಕ್ಕೆ ಹೋಗಿ ಎಚ್.ಸಿ. ವರ್ಮಾ ಅವರ 'ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್' ಪುಸ್ತಕದ ಎರಡು ಭಾಗಗಳನ್ನು ತಂದೆ. ಫೈನ್‌ಮನ್ ಸೆಟ್ಟಿಗೆ ಕೊಟ್ಟ ಹಣದಲ್ಲಿ ಇಂಥ ಎರಡು ಜೊತೆ ಬರುತ್ತಿದ್ದವು. ವಿವರಣೆ ಚಿಕ್ಕದು, ನೇರ. ಬಿಡಿಸಿದ ಉದಾಹರಣೆಗಳು, ಸಣ್ಣ ಪ್ರಶ್ನೆಗಳು, ಆಮೇಲೆ ಸಾಲಾಗಿ ಲೆಕ್ಕಗಳು, ಹಿಂದೆ ಉತ್ತರ. ಘರ್ಷಣೆಯ ಅಧ್ಯಾಯ ಒಂದರಲ್ಲೇ ಹನ್ನೊಂದು ದಿನ ಕುಳಿತೆ. ಓದಲು ಇದು ಕಥೆಯಲ್ಲ. ಇದನ್ನು ಹಿಡಿದು ಯಾವ ರಾತ್ರಿಯೂ ನಿದ್ದೆಗೆಟ್ಟಿಲ್ಲ. ಆದರೆ ನನ್ನ ಕೈ ತಿರುಗಿದ್ದು ಇದರಿಂದಲೇ.

ಈಗ ನನ್ನ ಕ್ರಮ ಹೀಗಿದೆ: ಫೈನ್‌ಮನ್‌ನ ಒಂದು ಅಧ್ಯಾಯ, ಅದೇ ವಿಷಯದಲ್ಲಿ ವರ್ಮಾ ಅವರ ಇಪ್ಪತ್ತು ಲೆಕ್ಕ. ಶಕ್ತಿ ಸಂರಕ್ಷಣೆಯ ಅಧ್ಯಾಯ ಮುಗಿದಾಗ ಮಕ್ಕಳಿಗೆ ನಾನೇ ಒಂದು ಲೆಕ್ಕ ಕಟ್ಟಿಕೊಟ್ಟೆ. ಜೋಗದಲ್ಲಿ ನೀರು 253 ಮೀಟರ್ ಬೀಳುತ್ತದೆ. ಆ ಶಕ್ತಿಯೆಲ್ಲ ನೀರಿನಲ್ಲೇ ಬಿಸಿಯಾಗಿ ಉಳಿದರೆ ಗುಂಡಿಯ ನೀರು ಮೇಲಿನ ನೀರಿಗಿಂತ ಎಷ್ಟು ಬೆಚ್ಚಗಿರಬೇಕು? ಒಂದು ಕಿಲೋ ನೀರಿಗೆ ಸುಮಾರು 2480 ಜೂಲ್. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4200 ಜೂಲ್ ಬೇಕು, ಅದರಿಂದ ಭಾಗಿಸಿದರೆ 0.6 ಡಿಗ್ರಿಯೂ ಪೂರ್ತಿ ಇಲ್ಲ. ಒಬ್ಬ ಹುಡುಗ ನಂಬಲಿಲ್ಲ, ಥರ್ಮಾಮೀಟರ್ ತೆಗೆದುಕೊಂಡು ಹೋಗೋಣ ಟೀಚರ್ ಎಂದ.

ಕೊಳ್ಳುವವರಿಗೆ ನನ್ನ ಮಾತು: ಫೈನ್‌ಮನ್‌ನ ಮೊದಲ ಸಂಪುಟವನ್ನು ಮಾತ್ರ ಕೊಳ್ಳಿ, ಅದೇ ದಿನ ವರ್ಮಾ ಮೊದಲ ಭಾಗವನ್ನೂ ಕೊಳ್ಳಿ. ಹಣಕ್ಕೆ ಬಿಗಿಯಿದ್ದರೆ ವರ್ಮಾ ಕೊಂಡು, ಫೈನ್‌ಮನ್ ಅನ್ನು ಕ್ಯಾಲ್ಟೆಕ್‌ನ ಜಾಲತಾಣದಲ್ಲಿ ಓದಿ. ಮೂರೂ ಸಂಪುಟಗಳು ಅಲ್ಲಿ ಉಚಿತ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಹಿಡಿಯಲು ಗುಡ್ಡ ಹತ್ತಬೇಕು, ಅದಕ್ಕೇ ನನಗೆ ಕಾಗದವೇ ಬೇಕಾಯಿತು. ಪರೀಕ್ಷೆಗೆ ಓದುವ ಪಿಯುಸಿ ಮಕ್ಕಳಿಗೆ ವರ್ಮಾ ಸಾಕು. ರೆಸ್ನಿಕ್ ಅನ್ನು ಅಣ್ಣನ ಮಗನಿಗೆ ಹಿಂತಿರುಗಿಸಿದೆ.

ಎರಡನೆಯ ಸಂಪುಟ, ವಿದ್ಯುತ್ಕಾಂತತೆಯದು, ಮುಂದಿನ ಬೇಸಿಗೆಗೆ. ಕ್ವಾಂಟಂ ಮೆಕ್ಯಾನಿಕ್ಸ್‌ನ ಮೂರನೆಯದನ್ನು ತೆರೆದೇ ಇಲ್ಲ. ಕಳೆದ ಮಳೆಗಾಲದಲ್ಲಿ ಅದರ ರಟ್ಟಿಗೆ ಬೂಷ್ಟು ಹಿಡಿದಿತ್ತು. ಬಿಸಿಲಿಗೆ ಹಾಕಿ ಒರೆಸಿ, ಈಗ ಒಲೆಯ ಬಿಸಿ ತಾಗುವ ಅಟ್ಟದ ಮೇಲೆ ಇಟ್ಟಿದ್ದೇನೆ.