ಶಾಲಾ ಕೊಠಡಿಗೆ ಏಳು ದಿನದ ಶಿಬಿರವೋ, ಭಾನುವಾರದ ಶ್ರಮದಾನವೋ?

ಮೂಡಿಗೆರೆ, ಸಕಲೇಶಪುರದ ಕಡೆ ಸರ್ಕಾರಿ ಶಾಲೆಗೊಂದು ಕೊಠಡಿ ಕಟ್ಟಲು ಹೊರಟ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಕಾಲೇಜಿನ ಎನ್‌ಎಸ್‌ಎಸ್ ಶಿಬಿರವನ್ನು ಕರೆಸಬಹುದು, ಇಲ್ಲವೇ ಊರವರೇ ಭಾನುವಾರಗಳಂದು ಶ್ರಮದಾನ ಮಾಡಬಹುದು.

ಶಿಬಿರದ ಬಲವೆಂದರೆ ಜನಬಲ. ಐವತ್ತು ವಿದ್ಯಾರ್ಥಿಗಳು ಸಾಲಾಗಿ ನಿಂತು ಬಾಣಲೆ ದಾಟಿಸಿದರೆ, ರಸ್ತೆ ಬದಿಯಲ್ಲಿ ಸುರಿದ ಜಲ್ಲಿ ಮಧ್ಯಾಹ್ನದೊಳಗೆ ದಿಣ್ಣೆ ಹತ್ತಿರುತ್ತದೆ. ಆದರೆ ವಿಶೇಷ ಶಿಬಿರ ಇರುವುದು ಏಳೇ ದಿನ. ಕಟ್ಟಿದ ಗೋಡೆಗೆ ನೀರುಣಿಸಲಿಕ್ಕೇ ಅಷ್ಟು ದಿನ ಬೇಕು! ಹಾಗಾಗಿ ನೆಲ ಸಮ ಮಾಡುವುದು, ಪಾಯ ತೋಡುವುದು, ಬಣ್ಣ ಬಳಿಯುವುದು, ಇಷ್ಟನ್ನೇ ಅವರಿಗೆ ಒಪ್ಪಿಸಿ. ಊಟ, ವಸತಿಯ ಹೊಣೆ ಊರಿನ ತಲೆಗೇ ಬರುತ್ತದೆ.

ಊರವರ ಶ್ರಮದಾನ ನಿಧಾನ. ಆದರೆ ಮೇಸ್ತ್ರಿ, ಬಡಗಿ ಕೈಗೆ ಸಿಗುತ್ತಾರೆ. ಸಂಜೆ ಕೊಡ ಹಿಡಿದು ಬಂದು ಗೋಡೆ ನೆನೆಸಲು ಪಕ್ಕದ ಮನೆಯವರಿರುತ್ತಾರೆ. ತೊಡಕು ಕಾಫಿಯದು. ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಯಾರಿಗೂ ಪುರುಸೊತ್ತಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಅರಸೀಕೆರೆಯಂಥ ಬಯಲುಸೀಮೆಯಲ್ಲಾದರೆ ಈ ಲೆಕ್ಕವೇ ಬೇರೆ, ಅಲ್ಲಿ ನೀರಿನದೇ ಚಿಂತೆ.

ನನ್ನನ್ನು ಕೇಳಿದರೆ ಮಣ್ಣು, ಕಲ್ಲು ಶಿಬಿರದವರಿಗೆ, ಗೋಡೆ ಊರವರಿಗೆ. ತಾರಸಿ ಮತ್ತು ವಿದ್ಯುತ್ ಕೆಲಸಕ್ಕೆ ಮಾತ್ರ ಕೂಲಿ ಕೊಟ್ಟು ನುರಿತವರನ್ನೇ ಕರೆಸಿ. ಎಂಜಿನಿಯರರ ನಕ್ಷೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಕೈಸೇರುವ ಮುನ್ನ ಗುದ್ದಲಿ ಪೂಜೆಗೆ ದಿನ ನೋಡಬೇಡಿ.