ತೇವ ಹೀರುವ ಡಬ್ಬಿ: ಧಾರವಾಡದ ಮಳೆಗಾಲಕ್ಕೆ ಎಷ್ಟು ಉಪಯೋಗ?

ಕ್ಯಾಲ್ಸಿಯಂ ಕ್ಲೋರೈಡ್ ಎಂಬ ತೇವ ಹೀರುವ ಉಪ್ಪಿನ ಹರಳು ತುಂಬಿದ ಈ ಡಬ್ಬಿ, ಬಾಗಿಲು ಬಿಗಿಯಾಗಿ ಮುಚ್ಚುವ ಕಪಾಟಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಜಿಟಿಜಿಟಿ ಮಳೆಯಲ್ಲೂ ಇಳಕಲ್ ಸೀರೆ, ಕೌದಿಗಳಿಗೆ ಬೂಷ್ಟು ಹಿಡಿಯುವುದು ಕಡಿಮೆ. ಇಡೀ ಕೋಣೆಗೆ ಮಾತ್ರ ಸಾಲದು. ಹೊರಗಿನ ತೇವ ಬರುತ್ತಲೇ ಇರುತ್ತದೆ.

ಮನೆಯಲ್ಲಿ ದಮ್ಮು ಇರುವವರಿದ್ದರೆ ದಯವಿಟ್ಟು ಇದೊಂದನ್ನೇ ನಂಬಬೇಡಿ. ಬೂಷ್ಟಿನ ಕಣ ಉಸಿರಿಗೆ ಸೇರಿದರೆ ಶ್ವಾಸನಾಳ ಊದಿಕೊಂಡು ಉಬ್ಬಸ ಕೆರಳಬಹುದು. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ. ಮೊದಲು ತಾರಸಿಯ ಬಿರುಕು, ಸೋರುವ ಪೈಪು ಸರಿಮಾಡಿಸಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿ, ಗಾಳಿ ಆಡಲಿ. ಗಾಳಿಯ ತೇವ ಅಳೆಯುವ ಹೈಗ್ರೋಮೀಟರಿನಲ್ಲಿ ತೇವಾಂಶ ಶೇ 60ಕ್ಕಿಂತ ಕೆಳಗಿರಬೇಕು.

ಡಬ್ಬಿಯಲ್ಲಿ ಕೂಡುವುದು ಬರೀ ನೀರಲ್ಲ, ಉಪ್ಪಿನ ದ್ರಾವಣ. ಚೆಲ್ಲಿದರೆ ಚರ್ಮದ ಚಪ್ಪಲಿ ಹಾಳು, ಕಬ್ಬಿಣಕ್ಕೆ ತುಕ್ಕು. ಮಕ್ಕಳ ಕೈಗೆ ಸಿಗದಂತೆ ಇಡಿ, ಹರಳು ಪೂರ್ತಿ ಕರಗಿದೊಡನೆ ಬದಲಿಸಿ.