ನೀರಿಗಿಳಿಯುವ ಕೈಗೆ ಯಾವ ವಾಚು? ಐದು ವಾಚುಗಳ ಹೋಲಿಕೆ

ವಾಚಿನ ಹಿಂಬದಿಯ ಮುಚ್ಚಳದಲ್ಲಿ ಕೊರೆದಿರುವ ‘30 ಮೀಟರ್’ ಎಂಬ ಮಾತನ್ನು ನಾನು ಬಹಳ ಕಾಲ ಅಕ್ಷರಶಃ ನಂಬಿದ್ದೆ. ನಾನು ಈಜುವ ಬೆಂಗಳೂರಿನ ಕೊಳದ ಆಳದ ಬದಿಯೂ ಎರಡು ಮೀಟರ್ ದಾಟುವುದಿಲ್ಲವಾದ್ದರಿಂದ ಆ ವಾಚು ಧಾರಾಳವಾಗಿ ಸಾಕೆಂಬುದು ನನ್ನ ಲೆಕ್ಕವಾಗಿತ್ತು. ನಮ್ಮ ತಂದೆಯವರು ತೋಟದ ಬಾವಿಗೆ ಇಳಿಯುವ ಮೊದಲು ತಮ್ಮ ಎಚ್‌ಎಂಟಿಯನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಮೆಟ್ಟಿಲ ಮೇಲಿಡುತ್ತಿದ್ದರು. ಅದನ್ನು ನಾನು ಹಳೆಯ ಕಾಲದ ಎಚ್ಚರಿಕೆ ಎಂದೇ ತಿಳಿದಿದ್ದೆ.

ನನ್ನ ತೆಳುವಾದ 30 ಮೀಟರಿನ ಮುಳ್ಳಿನ ವಾಚು ಎರಡು ಬೇಸಿಗೆ ಕೊಳದಲ್ಲಿ ಏನೂ ಆಗದೆ ಉಳಿದದ್ದು ನಿಜ. ಅದರ ಸೆಲ್ ಮುಗಿದಾಗ ಅಂಗಡಿಯೊಂದರಲ್ಲಿ ಹೊಸದನ್ನು ಹಾಕಿಸಿದೆ. ಮುಚ್ಚಳದ ಒಳಗಿನ ರಬ್ಬರ್ ವಾಷರನ್ನು ಅವರು ಬದಲಿಸಲಿಲ್ಲ, ಬದಲಿಸಿ ಎಂದು ಕೇಳಬೇಕೆಂಬುದು ನನಗೂ ಗೊತ್ತಿರಲಿಲ್ಲ. ಮರುವಾರ ಕೊಳದಿಂದ ಎದ್ದು ಬಿಸಿಲಿನಲ್ಲಿ ಕುಳಿತಾಗ ಗಾಜಿನ ಒಳಮೈಯಲ್ಲಿ, ಆರು ಗಂಟೆಯ ಅಂಕಿಯ ಮೇಲೆ, ಸಾಸಿವೆಗಿಂತ ಸಣ್ಣ ಹನಿಗಳು ಸಾಲುಗಟ್ಟಿದ್ದವು. ಸಂಜೆಯ ಹೊತ್ತಿಗೆ ಸೆಕೆಂಡಿನ ಮುಳ್ಳು ಒಂದೇ ಕಡೆ ಮಿಡುಕುತ್ತಾ ನಿಂತುಬಿಟ್ಟಿತು.

ಕೈ ಬೀಸಿ ಈಜುವಾಗ ನೀರಿನ ಒತ್ತಡ ಹಲವು ಪಟ್ಟು ಏರುವುದರಿಂದಲೇ 30 ಮೀಟರಿನ ವಾಚು ಕೆಡುತ್ತದೆ ಎಂಬ ವಿವರಣೆಯನ್ನು ಅನೇಕರು ಕೊಡುತ್ತಾರೆ. ಅದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಕೈ ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ನೀರನ್ನು ಸೀಳಿದರೂ ಹೆಚ್ಚುವ ಒತ್ತಡ ಅರ್ಧ ಮೀಟರ್ ಆಳದ ನೀರಿನಷ್ಟೂ ಆಗುವುದಿಲ್ಲ. ನಿಜವಾದ ಕಾರಣ ಬೇರೆ. ಆ ಅಂಕಿಯು ಹೊಸ ವಾಚಿಗೆ, ಪರೀಕ್ಷೆಯಲ್ಲಿ, ಸ್ವಲ್ಪ ಹೊತ್ತು ಕೊಟ್ಟ ಸ್ಥಿರ ಒತ್ತಡದ ಅಳತೆ. ರಬ್ಬರ್ ವಾಷರುಗಳಾದರೋ ಬಿಸಿಲು, ಸೋಪು, ಕ್ಲೋರಿನ್‌ಗಳಿಗೆ ಸಿಕ್ಕಿ ವರ್ಷದಿಂದ ವರ್ಷಕ್ಕೆ ಗಡುಸಾಗುತ್ತವೆ. ಬಿಸಿಯಾದ ವಾಚು ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸಣ್ಣ ಸಂದಿದ್ದರೂ ನೀರನ್ನು ಒಳಗೆಳೆಯುತ್ತದೆ. ಹೀಗಾಗಿ ಅಂಕಿಗಿಂತ ಮೊದಲು, ವಾಚಿನ ಮುಚ್ಚಳವಾಗಲಿ ಪಕ್ಕದ ಕೀ ಆಗಲಿ ಎಷ್ಟು ಸಲ ತೆರೆಯಬೇಕಾಗುತ್ತದೆ ಎಂಬುದನ್ನೇ ನಾನು ಈಗ ನೋಡುತ್ತೇನೆ.

ಕೊಳದ ಮಟ್ಟಿಗೆ ಎರಡನೆಯದಾಗಿ ಕಟ್ಟಿದ್ದು ಕ್ಯಾಸಿಯೋ ಎಇ-1200. ಇದು 100 ಮೀಟರಿನ ಡಿಜಿಟಲ್ ವಾಚು, ಸೆಲ್ ಹತ್ತು ವರ್ಷದ್ದು. ಎಂದರೆ ಮುಚ್ಚಳ ಬಿಚ್ಚುವ ಪ್ರಸಂಗವೇ ಅಪರೂಪ, ಎಳೆದು ತಿರುಗಿಸುವ ಕೀ ಇದಕ್ಕೆ ಇಲ್ಲವೇ ಇಲ್ಲ. ನಾಲ್ಕು ಗುಂಡಿಗಳನ್ನು ನೀರೊಳಗೆ ಒತ್ತದಿರುವುದೊಂದೇ ನಾನು ಪಾಲಿಸುವ ನಿಯಮ. ಸ್ಟಾಪ್‌ವಾಚನ್ನು ದಡದಲ್ಲೇ ಶುರುಮಾಡಿ ಇಳಿದು, ಮೇಲೆದ್ದ ಬಳಿಕ ನಿಲ್ಲಿಸುತ್ತೇನೆ. ಮೂರನೆಯದಾದ, 50 ಮೀಟರ್ ಎಂದು ಬರೆದಿದ್ದ ಸ್ಮಾರ್ಟ್‌ವಾಚು ಸುತ್ತುಗಳನ್ನು ತಾನೇ ಎಣಿಸುತ್ತಿತ್ತು, ಅದು ದೊಡ್ಡ ಅನುಕೂಲ. ಆದರೆ ಒದ್ದೆ ಬೆರಳಿಗೆ ಪರದೆ ಸರಿಯಾಗಿ ಓಗೊಡುತ್ತಿರಲಿಲ್ಲ. ಸುತ್ತಿನ ಎಣಿಕೆ ಬೇಕಾದವರು ಅದನ್ನು ಕಟ್ಟಲಿ, ನನಗೆ ಕೊಳಕ್ಕೆ ಕ್ಯಾಸಿಯೋವೇ ಸರಿ.

ಕಡಲಿನ ಮಾತು ಬೇರೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಸಿಲಿಂಡರ್ ಹೊತ್ತು ಹನ್ನೆರಡು ಮೀಟರಿನವರೆಗೆ ಇಳಿದ ನಾಲ್ಕು ಡೈವ್‌ಗಳಲ್ಲಿ ಎರಡಕ್ಕೆ ಕ್ಯಾಸಿಯೋ ಎಂಡಿವಿ-106 ವಾಚನ್ನೂ ಉಳಿದೆರಡಕ್ಕೆ ಸೀಕೋ ಎಸ್‌ಕೆಎಕ್ಸ್-009 ವಾಚನ್ನೂ ಕಟ್ಟಿದ್ದೆ. ಆಳ ಮತ್ತು ಸಮಯದ ಲೆಕ್ಕವನ್ನು ಡೈವ್ ಕಂಪ್ಯೂಟರೇ ನೋಡಿಕೊಳ್ಳುವುದರಿಂದ ವಾಚು ಅದಕ್ಕೊಂದು ಬೆಂಬಲ ಮಾತ್ರ. ಎರಡೂ 200 ಮೀಟರಿನವು. ಎರಡರ ಕೀಯೂ ತಿರುಪಿನಂತೆ ಬಿಗಿಯುವಂಥದ್ದು. ಎರಡರ ಬೆಜೆಲ್ ಕೂಡ, ಅಂದರೆ ಮುಳುಗಿದ ಹೊತ್ತನ್ನು ಗುರುತಿಟ್ಟುಕೊಳ್ಳಲು ಗಾಜಿನ ಸುತ್ತ ತಿರುಗಿಸುವ ಬಳೆ, ಒಂದೇ ದಿಕ್ಕಿಗೆ ತಿರುಗುವುದರಿಂದ, ಎಲ್ಲಾದರೂ ತಗುಲಿ ಅದು ಸರಿದರೂ ಕಳೆದ ಸಮಯ ಹೆಚ್ಚಾಗಿಯೇ ಕಾಣುತ್ತದೆಯೇ ಹೊರತು ಕಡಿಮೆಯಾಗಿ ಕಾಣುವುದಿಲ್ಲ. ಸೀಕೋದ ಮುಖದ ಮೇಲೆ ‘ಡೈವರ್ಸ್’ ಎಂಬ ಪದವಿದೆ. ಡೈವಿಂಗ್ ವಾಚುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 6425ರಂತೆ ಅಂಥ ಪ್ರತಿಯೊಂದು ವಾಚನ್ನೂ ಬರೆದ ಆಳಕ್ಕಿಂತ ಶೇಕಡ 25ರಷ್ಟು ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಬೇಕು. ಎಂಡಿವಿ-106ರ ಮೇಲೆ ಆ ಪದವಿಲ್ಲ.

ನೀರಿನಡಿ ಸೀಕೋ ಮುಂದಿತ್ತೆಂಬುದನ್ನು ಒಪ್ಪಲೇಬೇಕು. ಬಂಡೆಯ ನೆರಳಿನಲ್ಲಿ ಅದರ ಅಂಕಿಗಳ ಹಸಿರು ಹೊಳಪು ಹೆಚ್ಚು ಹೊತ್ತು ಉಳಿಯಿತು. ನಾಲ್ಕು ಗಂಟೆಯ ಕಡೆಗಿರುವ ಕೀ ಮುಂಗೈಗೆ ಒತ್ತಲಿಲ್ಲ. ಆಳಕ್ಕೆ ಹೋದಂತೆ ಮೈಗಂಟುವ ರಬ್ಬರ್ ಉಡುಪಾದ ವೆಟ್‌ಸೂಟ್ ಒತ್ತಡಕ್ಕೆ ತೆಳುವಾಗುವುದರಿಂದ ಅದರ ಮೇಲೆ ಕಟ್ಟಿದ ಬೆಲ್ಟು ಸಡಿಲವಾಗುತ್ತದೆ. ಸೀಕೋದ ರಬ್ಬರ್ ಬೆಲ್ಟಿನಲ್ಲಿರುವ ಅಲೆಯಂಥ ಮಡಿಕೆಗಳು ಮೇಲೆ ಹಿಗ್ಗಿ, ಕೆಳಗೆ ಕುಗ್ಗಿ ವಾಚನ್ನು ಇದ್ದಲ್ಲೇ ಹಿಡಿದಿದ್ದವು. ಕ್ಯಾಸಿಯೋ ಮಾತ್ರ ಮೊಣಕೈಯತ್ತ ಜಾರಿ ಬಂದಿತ್ತು. ಸೀಕೋದ ಬೆಜೆಲಿನ ಕೆಂಪು ಭಾಗ ಹನ್ನೆರಡು ಮೀಟರಿನಲ್ಲಿ ಕೆಂಪಾಗಿ ಉಳಿಯದೆ ಮಣ್ಣಿನ ಬೂದು ಬಣ್ಣಕ್ಕೆ ತಿರುಗಿತ್ತು, ಏಕೆಂದರೆ ನೀರು ಮೊದಲು ನುಂಗುವುದು ಕೆಂಪು ಬೆಳಕನ್ನೇ. ಯಾವ ವಾಚನ್ನೇ ಆಗಲಿ ಓರೆಯಾಗಿ ನೋಡಿದರೆ ಗಾಜು ಕನ್ನಡಿಯಂತೆ ಬೆಳ್ಳಗಾಗಿ ಮುಳ್ಳುಗಳು ಕಾಣದಾಗುತ್ತವೆ. ಮುಂಗೈಯನ್ನು ಕಣ್ಣಿಗೆ ನೇರವಾಗಿ ತಿರುಗಿಸಿಕೊಂಡರೆ ಮಾತ್ರ ಸಮಯ ತಿಳಿಯುತ್ತದೆ.

ಇಷ್ಟಾದರೂ ವರ್ಷಕ್ಕೆ ಎರಡು ಮೂರು ಬಾರಿ ಮಾತ್ರ ಕಡಲಿಗಿಳಿಯುವವರಿಗೆ ನಾನು ಹೇಳುವುದು ಎಂಡಿವಿ-106ನ್ನೇ. ಸೀಕೋ ಸೆಲ್ಲಿಲ್ಲದೆ ಕೈಯ ಅಲುಗಾಟದಿಂದಲೇ ನಡೆಯುವ ಆಟೋಮ್ಯಾಟಿಕ್ ವಾಚಾದ್ದರಿಂದ ಸುಮಾರು 40 ಗಂಟೆ ಕೈಯಲ್ಲಿಲ್ಲದಿದ್ದರೆ ನಿಲ್ಲುತ್ತದೆ. ಆಮೇಲೆ ಅದನ್ನು ಅಲುಗಾಡಿಸಿ ನಡೆಯುವಂತೆ ಮಾಡಿ, ಕೀಯನ್ನು ಬಿಚ್ಚಿ ಎಳೆದು ಸಮಯ ಕೂಡಿಸಬೇಕು. ಎಂದರೆ ಪ್ರತಿ ಡೈವ್ ಪ್ರವಾಸಕ್ಕೂ ಮೊದಲು, ಅದೂ ಬೆಳಗಿನ ಜಾವದ ಗಡಿಬಿಡಿಯಲ್ಲಿ, ವಾಚಿನ ಬಾಗಿಲನ್ನು ತೆರೆದಂತೆ. ಒಂದು ಸಲ ದೋಣಿಯಲ್ಲಿ ಬೆರಳಾಡಿಸಿದಾಗ ಕೀ ಪೂರ್ತಿ ಬಿಗಿಯಾಗಿರಲಿಲ್ಲ. ನೀರಿಗೆ ಹಾರಲು ಐದು ನಿಮಿಷವಷ್ಟೇ ಉಳಿದಿತ್ತು. ಸೆಲ್ಲಿನ ಕ್ಯಾಸಿಯೋ ಡ್ರಾಯರಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೂ ಸಮಯ ತಪ್ಪುವುದಿಲ್ಲ, ಅದರ ಕೀಯನ್ನು ನಾನು ವರ್ಷಕ್ಕೊಮ್ಮೆಯೂ ಮುಟ್ಟಿಲ್ಲ.

ಮರಳಿ ಬಂದ ಮೇಲೆ ಎರಡನ್ನೂ ಸಿಹಿನೀರಿನ ಬಕೆಟಿನಲ್ಲಿ ಮುಳುಗಿಸಿ ಬೆಜೆಲನ್ನು ಸುತ್ತಲೂ ತಿರುಗಿಸಿದರೆ, ಅಡಿಯಿಂದ ಮರಳಿನ ಕಣಗಳು ಒಂದೊಂದಾಗಿ ಹೊರಬರುತ್ತವೆ. ಸೀಕೋವನ್ನು ಸದ್ಯ ವಾಷರ್ ಬದಲಿಸಿ ಒತ್ತಡದ ಪರೀಕ್ಷೆ ಮಾಡಿಸಲು ಕೊಟ್ಟಿದ್ದೇನೆ. ಮಳೆಗಾಲ ಕಳೆದು ನೇತ್ರಾಣಿಗೆ ಮತ್ತೆ ದೋಣಿ ಹೊರಡುವಾಗ ನನ್ನ ಕೈಯಲ್ಲಿರುವುದು ಕ್ಯಾಸಿಯೋ.